ಕೂರುವವರ ಅಳತೆ

ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೀಟ್ ಕವರ್ ಅಂಗಡಿ ಇದೆ. ಬೈಕು, ಆಟೊ, ಗೂಡ್ಸ್ ಗಾಡಿ, ಯಾವುದರ ಸೀಟು ಹರಿದರೂ ಇಪ್ಪತ್ತೆಂಟು ವರ್ಷದಿಂದ ಹೊಲಿದು ಕೊಡುತ್ತಿದ್ದೇನೆ. ಈಚೆಗೆ ಜನ ಮೊಬೈಲಿನಲ್ಲೇ ಕವರ್ ತರಿಸಿ, ತಾವೇ ಎಳೆದು ಹಾಕಿಕೊಂಡು, ಅದು ಸರಿಯಾಗಿ ಕೂರದಿದ್ದಾಗ ನನ್ನ ಹತ್ತಿರ ಬಂದು ಬೈಯುತ್ತಾರೆ. ಬೈಗುಳದಿಂದ ವ್ಯಾಪಾರ ಆಗುವುದಿಲ್ಲ. ಬ್ಯಾನರ್ ಹಾಕಿಸಿದೆ. ರಂಜಾನಿಗೂ ದೀಪಾವಳಿಗೂ ರಿಯಾಯಿತಿ ಕೊಟ್ಟೆ. ಸೀಟು ಹೊಲಿಸಿದವರಿಗೆ ಕೀ ಚೈನ್ ಉಚಿತ ಎಂದು ಬರೆಸಿದೆ. ಬರೀ ಕೀ ಚೈನ್ ಸಿಗುತ್ತದೆಯೇ ಎಂದು ಮೂರು ಮಂದಿ ಕೇಳಿಕೊಂಡು ಬಂದರು.

ಅಂಥ ದಿನಗಳಲ್ಲಿ ಒಬ್ಬರು ಪಶುವೈದ್ಯೆ ತಮ್ಮ ಸ್ಕೂಟರ್ ತಂದರು. ಚಿಕಿತ್ಸೆಗೆ ಬಂದ ಯಾವುದೋ ನಾಯಿ ಕಾದು ಕಾದು ಬೇಸತ್ತು ಅದರ ಸೀಟನ್ನು ಅರ್ಧ ತಿಂದಿತ್ತು. ನಾನು ಹೊಲಿಯುವಷ್ಟು ಹೊತ್ತು ಅವರು ಸ್ಟೂಲಿನ ಮೇಲೆ ಕೂತು ಫೋಮಿನ ತುಂಡುಗಳನ್ನು ಒತ್ತಿ ಒತ್ತಿ ನೋಡಿದರು.

“ಇದ್ರಲ್ಲಿ ನಾಯಿಗೆ ಮೆಟ್ಟಿಲು ಮಾಡ್ಕೊಡ್ತೀರಾ?” ಅಂದರು.

ಗಿರಾಕಿ ಏನು ಕೇಳಿದರೂ ಮುಖ ಬದಲಾಗಬಾರದು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಹೊಲಿಯುತ್ತಲೇ ಇದ್ದೆ.

“ಪೊಮೇರಿಯನ್ ತರದ ಸಣ್ಣ ನಾಯಿಗಳಿಗೆ ಮೊಣಕಾಲಿನ ಚಿಪ್ಪು ಜಾರೋದು ಜಾಸ್ತಿ,” ಅಂದರು ಅವರು. “ಮನೇಲಿ ಹಾಲು ಬನ್ನು ತಿನ್ಸಿ ದಪ್ಪ ಮಾಡ್ತಾರೆ. ಹಲ್ಲು ಉಜ್ಜಲ್ಲ. ಕುತ್ತಿಗೆಗೆ ಬೆಲ್ಟ್ ಹಾಕಿ ಎಳೀತಾರೆ, ಅದು ಕೆಮ್ಮುತ್ತೆ. ಕೊನೆಗೆ ಮಂಚದಿಂದ ಹಾರಿ, ಕುಂಟಿಕೊಂಡು ನನ್ನ ಹತ್ರ ಬರುತ್ತೆ. ಹಾರಿಸ್ಬೇಡಿ ಅಂತ ಯಜಮಾನರಿಗೆ ಹೇಳ್ತೀನಿ. ನಾಯಿಗೆ ಯಾರು ಹೇಳೋದು?”

ನಾಯಿಗೂ ಹಲ್ಲುಜ್ಜಬೇಕು ಎಂಬುದು ನನಗೆ ಅಂದು ತಿಳಿಯಿತು. ನಮ್ಮ ಬೀದಿಯಲ್ಲಿ ಮನುಷ್ಯರಲ್ಲೇ ಆ ಬಗ್ಗೆ ಒಮ್ಮತ ಇರಲಿಲ್ಲ. ಆದರೆ ತಿಂಗಳಿಗೆ ನಾಲ್ಕೈದು ಜನ ಇಂಥ ಮೆಟ್ಟಿಲು ಕೇಳುತ್ತಾರೆ ಅಂದದ್ದು ಮಾತ್ರ ಕಿವಿಗೆ ಚೆನ್ನಾಗಿ ಬಿತ್ತು. ಮರುದಿನವೇ ಬೋರ್ಡ್ ಬರೆಸಿದೆ: ಇಲ್ಲಿ ನಾಯಿಗಳಿಗೆ ಮೆಟ್ಟಿಲು ಮಾಡಿಕೊಡಲಾಗುವುದು.

ಎದುರಿನ ಸ್ಟ್ಯಾಂಡಿನ ಆಟೊ ಚಾಲಕನೊಬ್ಬ ಬೋರ್ಡನ್ನು ಎರಡು ಸಲ ಓದಿದ. “ಲಿಫ್ಟ್ ಯಾವಾಗ ಹಾಕ್ತೀರಿ ಮಾರಾಯ್ರೇ?” ಅಂದ. ಮನೆಯಲ್ಲಿ ತಾಯಿಗೆ, ನಮ್ಮ ಅಮ್ಮಿಗೆ, ಸುದ್ದಿ ಮುಟ್ಟಿತು. ಮೂಕ ಪ್ರಾಣಿಗೆ ಉಪಕಾರ ಮಾಡುವುದು ಪುಣ್ಯದ ಕೆಲಸ, ಆದರೆ ಮುಟ್ಟಿದರೆ ಕೈ ತೊಳೆದೇ ಒಳಗೆ ಬರಬೇಕು ಎಂದು ತೀರ್ಪು ಕೊಟ್ಟಳು. ಆಮೇಲೆ ದಿನವೂ ಬಾಗಿಲಲ್ಲೇ “ಹಾಥ್ ಧೋಕೋ ಆ” ಎನ್ನುತ್ತಿದ್ದಳು, ನಾನು ನಾಯಿಯನ್ನು ದೂರದಿಂದಲೂ ನೋಡಿರದ ದಿನಗಳಲ್ಲಿ ಕೂಡ.

ನಾನು ನಾಯಿ ಮುಟ್ಟುವವನೇ ಅಲ್ಲ. ಚಿಕ್ಕಂದಿನಲ್ಲಿ ಒಂದು ನಾಯಿ ನನ್ನನ್ನು ಮುಟ್ಟಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಆಗಿದ್ದವು. ಆ ವಿಷಯ ಬೋರ್ಡಿನಲ್ಲಿ ಬರೆಸಲಿಲ್ಲ.

ವೈದ್ಯೆ ಕಳಿಸಿದ ಮೊದಲ ಗಿರಾಕಿ ಭದ್ರಾವತಿಯವರು. ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತರ ಹತ್ತಿರದವರು, ಮದುವೆಯಾಗಿರಲಿಲ್ಲ. ನ್ಯೂ ಟೌನಿನಲ್ಲಿ ಎರಡು ಕೋಣೆಯ ಮನೆ. ಪಕ್ಕದ ಕ್ವಾರ್ಟರ್ಸಿನವರು ಮನೆ ಖಾಲಿ ಮಾಡುವಾಗ ಬಿಟ್ಟು ಹೋದ ಬಿಳಿ ಪೊಮೇರಿಯನ್ ಅವರ ಬಳಿ ಉಳಿದುಕೊಂಡಿತ್ತು. ಅದು ಇವರ ಮಗ್ಗುಲಲ್ಲಿ ಮಲಗದಿದ್ದರೆ ರಾತ್ರಿಯೆಲ್ಲ ಅಳುತ್ತದಂತೆ. ಹಿಂಗಾಲಿನ ಚಿಪ್ಪು ಎರಡು ಸಲ ಜಾರಿತ್ತು. ಇನ್ನು ಹಾರಿದರೆ ಆ ಕಾಲು ಸರಿಹೋಗುವುದಿಲ್ಲ ಎಂದು ವೈದ್ಯೆ ಹೇಳಿದ್ದರು. ಬನ್ನು ನಿಲ್ಲಿಸಿ, ವಾರಕ್ಕೊಮ್ಮೆ ಹಿಟ್ಟಿನ ಗಿರಣಿಯ ತಕ್ಕಡಿಯಲ್ಲಿ ತೂಗಿಸಿ, ನಾಲ್ಕೂವರೆ ಕೆಜಿಗೆ ಇಳಿಸಿದ್ದರು. ಎತ್ತಿ ಮಂಚಕ್ಕೆ ಹಾಕಿದರೆ ನೀರು ಕುಡಿಯಲು ತಾನೇ ಕೆಳಗೆ ಹಾರುತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ನಾನು ಟೇಪು ಹಿಡಿದು ಹೋದೆ. ನಾಯಿ ಬಾಗಿಲಲ್ಲಿ ಕೂತು ನನ್ನನ್ನೇ ನೋಡಿತು. ನಾನು ಗೋಡೆ ಬದಿಯಿಂದ ಸರಿದು ಒಳಗೆ ಹೋಗಿ ಮಂಚ ಅಳೆದೆ. ಎತ್ತರ ಇಪ್ಪತ್ನಾಲ್ಕು ಇಂಚು. ಪಕ್ಕದಲ್ಲಿ ಒಂದು ಚಾಪೆ, ಅದರ ಮೇಲೆ ಮಡಿಸಿದ ಕಂಬಳಿ, ದಿಂಬು. ನಾಯಿಯ ಹಾಸಿಗೆ ಇರಬೇಕು, ಅನುಕೂಲವಾಗಿಯೇ ಇದೆ ಅಂದುಕೊಂಡೆ.

ಎಂಟೆಂಟು ಇಂಚಿನ ಎರಡು ಮೆಟ್ಟಿಲು, ಮೂರನೆಯದು ಮಂಚ. ಒಳ್ಳೆಯ ಗಟ್ಟಿ ಫೋಮು, ಮೇಲೆ ಬುಲೆಟ್ ಸೀಟಿಗೆ ಹಾಕುವ ಹೊಳಪಿನ ರೆಕ್ಸಿನ್, ಅಂಚಿಗೆ ಕೆಂಪು ಪೈಪಿಂಗ್. ಅಷ್ಟು ಅಂದದ ವಸ್ತು ನನ್ನ ಕೈಯಿಂದ ಬಂದದ್ದು ಕಡಿಮೆ. ಬಸ್ಸಿನಲ್ಲಿ ಒಯ್ಯುವಾಗ ಸೀಟು ಸಿಗದ ಒಬ್ಬ ಹೆಂಗಸು ಭದ್ರಾವತಿಯವರೆಗೆ ಅದರ ಮೇಲೇ ಕೂತು ಬಂದರು. ಇಳಿಯುವಾಗ ಬಹಳ ಚೆನ್ನಾಗಿದೆ ಅಂದರು. ಅದು ಮನುಷ್ಯರಿಗೆ ಮಾಡಿದ್ದು ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು.

ನಾಯಿ ಮೊದಲನೆಯ ಮೆಟ್ಟಿಲಿಗೆ ಮುಂಗಾಲು ಇಟ್ಟಿತು, ರೆಕ್ಸಿನ್ ಮೇಲೆ ಜಾರಿತು. ಇನ್ನೊಮ್ಮೆ ಇಟ್ಟು, ಇನ್ನೊಮ್ಮೆ ಜಾರಿತು. ಆಮೇಲೆ ಮೆಟ್ಟಿಲಿನ ನೆರಳಲ್ಲಿ ಮಲಗಿಕೊಂಡಿತು. ಹಿರಿಯರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅದರ ಕಾಲು ಎಷ್ಟಿದೆ ಭಾಯ್?” ಅಂತ ಕೇಳಿದರು.

“ಅಳೆದಿಲ್ಲ ಸಾರ್.”

“ನಾನು ಮೂವತ್ತು ವರ್ಷ ಲೇತ್ ಮೇಲಿದ್ದೆ. ತೂತು ಅಳೆದು, ಒಳಗೆ ಹೋಗೋ ಶಾಫ್ಟ್ ಅಳೀದೇ ಇದ್ರೆ ಕೂರುತ್ತಾ?”

ಇಪ್ಪತ್ತೆಂಟು ವರ್ಷ ನಾನು ಸೀಟು ಅಳೆದಿದ್ದೆ, ಕೂರುವವರನ್ನು ಒಮ್ಮೆಯೂ ಅಳೆದಿರಲಿಲ್ಲ. ಯಾರೂ ಕೇಳಿರಲಿಲ್ಲ. ಈಗ ನಾಯಿ ಕೇಳಿತ್ತು. ಅಳೆಯಬೇಕಾದರೆ ಮುಟ್ಟಬೇಕು. ಹಿರಿಯರು ಅದನ್ನು ಹಿಡಿದುಕೊಳ್ಳಲು ನೆಲಕ್ಕೆ ಕೂತರು, ನಾನು ಟೇಪು ಹಿಡಿದು ಹತ್ತಿರ ಹೋದೆ. ಎದೆಯಿಂದ ನೆಲಕ್ಕೆ ಆರು ಇಂಚು. ಟೇಪು ಸರಿಸುವಾಗ ನನ್ನ ಅಂಗೈ ಅದರ ಪಕ್ಕೆಗೆ ತಾಗಿತು. ಒಳಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅದಕ್ಕೂ ನನ್ನನ್ನು ಕಂಡರೆ ಹೆದರಿಕೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಏಳುವಾಗ ಹಿರಿಯರಿಗೆ ಏಳಲಾಗಲಿಲ್ಲ. ಒಂದು ಕೈಯನ್ನು ಮಂಚದ ಕಾಲಿಗೆ, ಇನ್ನೊಂದನ್ನು ತಮ್ಮ ಮೊಣಕಾಲಿಗೆ ಊರಿ, ಎರಡು ಸಲ ಪ್ರಯತ್ನಿಸಿ ಎದ್ದರು.

“ದಿನಾ ಬೆಳಿಗ್ಗೆ ಇದೇ ಕಸರತ್ತು,” ಅಂದರು.

“ದಿನಾ ಯಾಕೆ ಸಾರ್?”

“ಚಾಪೆ ನಂದು ಭಾಯ್. ನಾನು ಮೇಲೆ ಮಲಗಿದ್ರೆ ಅದು ಹಾರುತ್ತೆ. ನಾಲ್ಕು ತಿಂಗಳಾಯ್ತು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಲ್ಕು ತಿಂಗಳಿಂದ ನೆಲದ ಮೇಲೆ ಮಲಗುತ್ತಿದ್ದ ಮುದುಕರ ಚಾಪೆಯ ಪಕ್ಕ ನಿಂತು, ತಿಂಗಳಿಗೆ ಎಷ್ಟು ಮೆಟ್ಟಿಲು ಮಾರಬಹುದು ಎಂದು ನಾನು ಲೆಕ್ಕ ಹಾಕಿದ್ದೆ.

ಶಿವಮೊಗ್ಗಕ್ಕೆ ಬಂದವನೇ ಲಿಫ್ಟ್ ಕೇಳಿದ್ದ ಆಟೊ ಚಾಲಕನನ್ನು ಕರೆದು, ಅವನ ಗಾಡಿಯಲ್ಲೇ ಕೂರಿಸಿ ನೋಡಿದೆ. ಆ ಸೀಟು ಮೂರು ವರ್ಷದ ಹಿಂದೆ ನಾನೇ ಮಾಡಿದ್ದು. ಅವನು ಗಿಡ್ಡ ಆಸಾಮಿ, ಬ್ರೇಕು ತುಳಿಯಲು ಸೊಂಟ ಜಾರಿಸಿಕೊಂಡು ಕೂರುತ್ತಿದ್ದ. ಸೊಂಟ ನೋವಿಗೆ ಎಲ್ಲೆಲ್ಲೋ ಎಣ್ಣೆ ತಿಕ್ಕಿಸಿಕೊಂಡಿದ್ದನಂತೆ. ಎರಡು ಇಂಚು ಫೋಮು ಕೊಯ್ದು ತೆಗೆದೆ. ಅವನ ನೋವು ಕಡಿಮೆಯಾದ ಮೇಲೆ ಸ್ಟ್ಯಾಂಡಿನವರು ಒಬ್ಬೊಬ್ಬರಾಗಿ ಬಂದರು. ಬ್ಯಾನರು, ಕೀ ಚೈನು ಮಾಡದ ವ್ಯಾಪಾರವನ್ನು ಒಂದು ಟೇಪು ಮಾಡಿತು. ಅವನು ಈಗಲೂ ಲಿಫ್ಟ್ ಬಗ್ಗೆ ಕೇಳುತ್ತಾನೆ.

ಹೊಸ ಮೆಟ್ಟಿಲಿಗೆ ಹತ್ತು ದಿನ ಹಿಡಿಯಿತು. ನಾಲ್ಕು ನಾಲ್ಕು ಇಂಚಿನ ಐದು ಮೆಟ್ಟಿಲು, ಆರನೆಯದು ಮಂಚ. ರೆಕ್ಸಿನ್ ಬದಲು ಹಳೆಯ ಜಮಖಾನೆ ಹೊದಿಸಿದೆ, ಉಗುರಿಗೆ ಹಿಡಿತ ಸಿಗಲಿ ಎಂದು. ನೋಡಲು ಏನೇನೂ ಚೆನ್ನಾಗಿರಲಿಲ್ಲ. ಬಸ್ಸಿನಲ್ಲಿ ಯಾರೂ ಅದರ ಮೇಲೆ ಕೂರಲಿಲ್ಲ.

ಮಧ್ಯಾಹ್ನ ಊಟದ ಹೊತ್ತು ಮುಗಿದಿತ್ತು. ಟ್ರಂಕು ಸರಿಸಿ ಜಾಗ ಮಾಡಿ ಮಂಚಕ್ಕೆ ಜೋಡಿಸಿದೆ. ನಾಯಿ ಬಂದು ಜಮಖಾನೆ ಮೂಸಿತು, ನನ್ನ ಕೈ ಮೂಸಿತು, ಒಮ್ಮೆ ನೆಕ್ಕಿತು. ಎರಡು ಮೆಟ್ಟಿಲು ಹತ್ತಿ ನನ್ನನ್ನು ನೋಡಿ ನಿಂತುಬಿಟ್ಟಿತು.

“ಹೊಸಬರ ಮುಂದೆ ಅದು ಹತ್ತಲ್ಲ,” ಅಂದರು ಹಿರಿಯರು. “ನೀವು ಸ್ವಲ್ಪ ಹೊರಗಿರಿ ಭಾಯ್.”

ಅಂಗಳದ ನಲ್ಲಿಯ ಪಕ್ಕ ನಿಂತೆ. ಒಳಗಿಂದ “ಬಾ ಮರಿ” ಎಂದು ಒಮ್ಮೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಆಮೇಲೆ ಏನೂ ಇಲ್ಲ. ನಾಲ್ಕೂವರೆ ಕೆಜಿಯ ನಾಯಿ ಮಂಚ ಹತ್ತಿದರೆ ಸದ್ದಾಗುವುದಿಲ್ಲ, ಹತ್ತದಿದ್ದರೂ ಸದ್ದಾಗುವುದಿಲ್ಲ. ಅಷ್ಟರಲ್ಲಿ ಕೋಣೆಯಲ್ಲಿ ಮಂಚ ಕಿರ್ರೆಂದಿತು, ನಿಧಾನವಾಗಿ, ಒಬ್ಬ ಮನುಷ್ಯ ಮೈ ಚಾಚಿದಷ್ಟು.

ಕಾದೆ. ಅವರು ಹೊರಗೆ ಬರಲಿಲ್ಲ. ಸದ್ದಾಗದಂತೆ ಗೇಟಿನ ಚಿಲಕ ಹಾಕಿ ಬಸ್ಸಿಗೆ ನಡೆದೆ.

ಮನೆ ಬಾಗಿಲಲ್ಲಿ ಅಮ್ಮಿ ನಿಂತಿದ್ದಳು. ಅಂದು ಅವಳು ಕೈ ತೊಳೆಯುವ ಮಾತು ಎತ್ತಲಿಲ್ಲ. “ಹತ್ತಿತಾ?” ಅಂತ ಕೇಳಿದಳು.

“ಇಬ್ಬರೂ ಹತ್ತಿದ್ರು” ಅಂದೆ.