ಗೊಂಚಲಪ್ಪ ಕಾಲೇಜು ಹುಡುಕಿದ್ದು

ಗೊಂಚಲಪ್ಪ ಎಂಬ ಹೆಸರು ಅಜ್ಜಿಯ ಕಿವಿಗೆ ಮೊದಲು ಬಿದ್ದದ್ದು, ಗುರುತು ಪರಿಚಯವಿಲ್ಲದ ಗಂಡ ಹೆಂಡತಿ ಹಾಸಿಗೆ ಸುರುಳಿ ಹೊತ್ತು ಬಾಗಿಲಿಗೆ ಬಂದ ದಿನ. ‘ಚಳಿಗಾಲದಲ್ಲೂ ಬೆಚ್ಚಗಿರೋ ಕೋಣೆ ಇದ್ಯಂತೆ, ಗೊಂಚಲಪ್ಪ ಹೇಳಿದ್ರು’ ಎಂದರು. ಮಹಡಿ ಕೋಣೆಯ ಗೋಡೆಗೆ ಆಚೆ ಕಡೆಯಿಂದ ಬೇಕರಿಯ ಒಲೆ ಅಂಟಿಕೊಂಡಿತ್ತು. ಆ ಧಗೆಗೆ ಹೆದರಿ ಮೂರು ವರ್ಷ ಒಂದು ನರಪಿಳ್ಳೆಯೂ ಬಾಡಿಗೆಗೆ ಬಂದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಜ್ಜಿಯಂತೂ ಆ ಕೋಣೆಯ ಆಸೆಯನ್ನೇ ಬಿಟ್ಟಿದ್ದಳು. ನಿಜವನ್ನೇ ಹೇಳಿ ಟೋಪಿ ಹಾಕುವ ಈ ಮಹಾನುಭಾವ ಯಾರಪ್ಪಾ ಎಂದುಕೊಂಡಳು.

ಮನೆ ದಲ್ಲಾಳಿ. ವಯಸ್ಸು ಐವತ್ತೆರಡು. ಸೊಂಟದಲ್ಲಿ ಖಾಲಿ ಮನೆಗಳ ಬೀಗದ ಕೈ ಗೊಂಚಲು. ಇಕ್ಕಟ್ಟಿನ ಮನೆ ಅವನ ಬಾಯಲ್ಲಿ ‘ಗುಡಿಸೋಕೆ ಸುಲಭ’, ಸ್ಮಶಾನದ ಪಕ್ಕದ್ದು ‘ಗಲಾಟೆ ಇಲ್ಲದ ನೆರೆಹೊರೆ’. ಅಜ್ಜಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವುದು ಅವನಿಗೆ ಅಭ್ಯಾಸವೇ ಆಗಿಹೋಯಿತು.

ಇಂಥವನ ತಲೆ ಮೇಲೆ ಕಲ್ಲು ಬಿತ್ತು. ಕಾಲೇಜು ಸೇರಿ ರಿಯಲ್ ಎಸ್ಟೇಟ್ ಓದದ ದಲ್ಲಾಳಿಗಳ ಪರವಾನಗಿ ರದ್ದು ಅಂತ ಹೊಸ ಕಾನೂನು. ಬೇರೆ ಕಸುಬು ಅವನಿಗೆ ಬಾರದು. ಊರಲ್ಲಿದ್ದ ಕಾಲೇಜು ಮೂರು, ಸೇರಲು ಉಳಿದದ್ದು ಹದಿನೈದು ದಿನ.

‘ಮೊದಲನೇದು ಬೇಡ ಅಜ್ಜಿ. ನಲ್ಲಿ ತಿರುಗಿಸಿ ನೋಡ್ದೆ, ಮೂರನೇ ಮಹಡಿಗೆ ನೀರೇ ಏರಲ್ಲ.’

ವಾರ ಬಿಟ್ಟು ಮತ್ತೆ ಬಂದ. ‘ಎರಡನೇದರ ಕಿಟಕಿಗಳೆಲ್ಲ ಪಡುವಣಕ್ಕೆ. ಮಧ್ಯಾಹ್ನದ ಮೇಲೆ ತಲೆ ಬೆಂದು ಹೋಗುತ್ತೆ.’

‘ಪಾಠ ಹೇಳೋ ಮೇಷ್ಟ್ರು ಹೇಗೆ?’

ಗೊಂಚಲಪ್ಪ ಲೋಟ ಕೆಳಗಿಟ್ಟ. ‘ಅಯ್ಯೋ, ಅದನ್ನ ಕೇಳಲೇ ಇಲ್ಲ!’

‘ನೀನು ಓದೋಕೆ ಹೋಗಿದ್ಯೋ, ಕಾಲೇಜನ್ನೇ ಬಾಡಿಗೆಗೆ ಹಿಡಿಯೋಕೋ? ಒಲೆ ಪಕ್ಕದ ಕೋಣೆಗೆ ಜನ ತುಂಬಿಸಿದ ಪುಣ್ಯಾತ್ಮ ನೀನು. ನಿನ್ನ ತಲೆ ಮಾತ್ರ ಬೇಯಬಾರದಾ?’

ಬುದ್ಧಿ ಬಂದು ಅವನು ಓಡುವಷ್ಟರಲ್ಲಿ ಎರಡೂ ಕಡೆ ಸೀಟು ಭರ್ತಿಯಾಗಿತ್ತು.

‘ಮೂರನೇದು ಇದೆಯಲ್ಲ? ನಾಳೆಯೇ ಕೊನೇ ದಿನ ಕಣೋ. ಹೋಗಿ ನೋಡ್ದ್ಯಾ?’

‘ನೋಡೋದೇನು ಅಜ್ಜಿ, ಗೋಡೆ ಗೋಡೆಯೂ ಗೊತ್ತು. ಹೋದ ವರ್ಷ ಪ್ರಿನ್ಸಿಪಾಲಮ್ಮನಿಗೆ ಆ ಕಟ್ಟಡ ಹಿಡಿಸಿಕೊಟ್ಟವನೇ ನಾನು.’

‘ಮತ್ತಿನ್ನೇನು, ಆರತಿ ಎತ್ತಿ ಕರ್ಕೋತಾರೆ!’

‘ಸೂರು ಸೋರುತ್ತೆ. ಕಲೆ ಕಾಣದ ಹಾಗೆ ಹಿಂದಿನ ದಿನ ಸುಣ್ಣ ಬಳಿಸಿದ್ದೆ. ಒಂದು ತೊಟ್ಟೂ ಇಳಿಯಲ್ಲ ಅಂತ ಆಣೆ ಬೇರೆ ಇಟ್ಟೆ. ಮೊದಲ ಮಳೆಗೇ ಆಯಮ್ಮನ ಮೇಜು ತೊಯ್ದು ತೊಪ್ಪೆಯಾಯ್ತಂತೆ. ಅವತ್ತಿಂದ ನಾನು ಆ ಬೀದಿಗೇ ಕಾಲಿಟ್ಟಿಲ್ಲ.’

‘ಅಲ್ಲಿ ಮೊದಲನೇ ಪಾಠ ಏನಂತೆ?’

ಅವನ ದನಿ ಪಾತಾಳಕ್ಕಿಳಿಯಿತು. ‘ಕಟ್ಟಡದ ದೋಷ ಮುಚ್ಚಿಡಬಾರದು ಅಂತ. ಆಯಮ್ಮನೇ ಹೇಳ್ತಾರಂತೆ.’

ಅಜ್ಜಿ ಸೆರಗು ಬಾಯಿಗೊತ್ತಿ ನಕ್ಕಳು. ‘ಉದಾಹರಣೆ ಹುಡುಕೋ ಕಷ್ಟ ಇಲ್ಲ ಬಿಡು. ಮೇಲೆ ಸೂರು ತೋರಿಸ್ತಾರೆ, ಕೆಳಗೆ ನಿನ್ನ ತೋರಿಸ್ತಾರೆ.’

ಮೂವತ್ತು ವರ್ಷದಿಂದ ಊರಿಗೆಲ್ಲ ಮುಂದೆ ನಿಂತು ಬಾಗಿಲು ತೆಗೆದವನು ಅರ್ಜಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆಮೇಲೆ ಕೇಳಿದ. ಅವನು ಅಜ್ಜಿಯನ್ನು ಏನಾದರೂ ಕೇಳಿದ್ದು ಅದೇ ಮೊದಲು.

‘ನಾಳೆ ನೀವೂ ಬನ್ನಿ ಅಜ್ಜಿ. ಒಳಗೆ ಹೋಗುವಾಗ ನೀವು ಮುಂದಿರಿ, ನಾನು ಹಿಂದೆ ಬರ್ತೀನಿ. ಹಿರಿಯರ ಮುಖ ನೋಡಿಯಾದರೂ ಆಯಮ್ಮ ಸ್ವಲ್ಪ ಮೆತ್ತಗೆ ಬೈದಾರು.’