ಹನ್ನೊಂದು ಮನೆಗಳ ತಪ್ಪು

ವಿಶ್ವವಿದ್ಯಾಲಯದ ಗಣಕ ಕೇಂದ್ರದ ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು ಎಂದು ಮೊದಲ ದಿನ ಹೇಳಿದಾಗ ನನಗೆ ನಗು ಬಂತು. ನಮ್ಮ ಕೇರಿಯವರನ್ನು ಹೊಸ್ತಿಲಲ್ಲೇ ತಡೆಯಲು ಎಷ್ಟೋ ಕಾರಣ ಕೇಳಿದ್ದೆ. ಧೂಳು ಮಶಿನ್ನಿಗೆ ಆಗುವುದಿಲ್ಲ ಎಂಬುದು ಹೊಸದು. ಆದರೆ ಇಲ್ಲಿ ಪ್ರೊಫೆಸರರೂ ಚಪ್ಪಲಿ ಬಿಡುತ್ತಿದ್ದರು. ಅದೊಂದೇ ಕಾರಣಕ್ಕೆ ನನಗೆ ಆ ಕೋಣೆ ಹಿಡಿಸಿತು.

ಅದು ಎಂಬತ್ತರ ದಶಕದ ಆರಂಭ. ನಾನು ಶಿಗ್ಗಾಂವಿ ತಾಲ್ಲೂಕಿನವಳು, ತಡಸದ ಹತ್ತಿರದ ಹಳ್ಳಿ. ಬಿ.ಎ. ಮುಗಿಸಿ, ಹಳ್ಳಿಗಳ ಸಮೀಕ್ಷೆಯೊಂದಕ್ಕೆ ಒಂದು ವರ್ಷದ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಪರಿಶಿಷ್ಟರಿಗೆ ಮೀಸಲಾದ ಹುದ್ದೆ. ಮೊದಲ ಆರು ವಾರ ತರಬೇತಿ. ಮನೆಯವರನ್ನು ಹೇಗೆ ಕೇಳಬೇಕು, ಅವರ ಉತ್ತರವನ್ನು ಹೇಗೆ ಅಂಕಿ ಮಾಡಬೇಕು, ಆ ಅಂಕಿಯನ್ನು ದಪ್ಪ ಕಾಗದದ ಕಾರ್ಡಿನ ಮೇಲೆ ಹೇಗೆ ತೂತು ಹೊಡೆಯಬೇಕು, ಎಲ್ಲ ಕಲಿತೆವು. ಒಂದು ಮನೆಗೆ ಒಂದು ಕಾರ್ಡು. ಮಶಿನ್ನಿಗೆ ಕೊಡುವ ಆಜ್ಞೆಗಳೂ ಕಾರ್ಡುಗಳೇ. ಒಂದು ಆಜ್ಞೆಗೆ ಒಂದು.

ಕಲಿಸಿದವರು ಸಮೀಕ್ಷೆಯ ಮುಖ್ಯಸ್ಥರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಕಲಿಸಿದರು. "ಮನಿಯವ್ರು ಹೇಳಿದ್ದನ್ನ ಬರೀರಿ. ಟೇಬಲ್ಲಿಗೆ ಕುಂತು ತಿದ್ದಬ್ಯಾಡ್ರಿ. ಅನುಮಾನ ಬಂದ್ರ ಬಸ್ ಹತ್ತಿ ಹೋಗಿ ಮತ್ತ ಕೇಳ್ರಿ," ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು.

ಆಮೇಲೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ತಿರುಗಿದೆವು. ರಟ್ಟೀಹಳ್ಳಿಯ ಕಡೆ ಒಬ್ಬ ಅಜ್ಜಿ ನಾನು ರೊಟ್ಟಿ ತಿನ್ನುವ ತನಕ ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಇನ್ನೊಂದೂರಿನ ದೊಡ್ಡ ಮನೆಯ ಯಜಮಾನರು ನನ್ನ ಊರು ಕೇಳಿ, ಕೇರಿ ಕೇಳಿ, ಆಮೇಲೆ ಕಟ್ಟೆಯ ಕೆಳಗೆ ನಿಲ್ಲಿಸಿಯೇ ಉತ್ತರ ಹೇಳಿದರು. ನಾನು ಬೇಕೆಂದೇ ಅವರ ಎಮ್ಮೆಗಳ ಲೆಕ್ಕವನ್ನು ಮೂರು ಸಲ ಕೇಳಿದೆ.

ಸವಣೂರು ತಾಲ್ಲೂಕಿನ ಒಂದು ಕೇರಿಯಲ್ಲಿ ಹನ್ನೊಂದು ಮನೆಯವರು ತಮ್ಮ ಪರಿಶಿಷ್ಟ ಜಾತಿಯ ಹೆಸರು ಹೇಳಿ, ಧರ್ಮ ಬೌದ್ಧ ಎಂದರು. ನಮ್ಮ ಮನೆಯದೂ ಅದೇ. ನಾನು ಸಣ್ಣವಳಿದ್ದಾಗಲೇ ಅಪ್ಪ ಬುದ್ಧನ ಪಟ ತಂದು ಗೋಡೆಗೆ ಮೊಳೆ ಹೊಡೆದಿದ್ದ. ಆದರೆ ಅಲ್ಲಿ ನಾನು ಅದನ್ನೆಲ್ಲ ಹೇಳಲಿಲ್ಲ. ಬೌದ್ಧರಿಗೆ ಗೊತ್ತುಮಾಡಿದ್ದ ಐದು ಎಂಬ ಅಂಕಿಯನ್ನು ಬರೆದುಕೊಂಡು ಬಂದೆ.

ಕಾರ್ಡುಗಳನ್ನು ಮಶಿನ್ನಿಗೆ ಉಣಿಸಿದ ದಿನ ತಪ್ಪುಗಳ ಪಟ್ಟಿ ಮಾರುದ್ದ ಹೊರಬಂತು. ಎಂಟು ವರ್ಷದ ಅಜ್ಜ, ಎಂಬತ್ತು ಎತ್ತು ಕಟ್ಟಿದ ಕೂಲಿಯವನು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಪಟ್ಟಿಯ ಕೊನೆಗೆ ನನ್ನ ಹನ್ನೊಂದು ಮನೆಗಳಿದ್ದವು. ಜಾತಿಗೂ ಧರ್ಮಕ್ಕೂ ಹೊಂದುವುದಿಲ್ಲವೆಂದು ಮಶಿನ್ ಅವನ್ನು ಹೊರಗಿಟ್ಟಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

"ಐದು ತಗದು ಒಂದು ಹೊಡೀರಿ," ಎಂದರು ಮುಖ್ಯಸ್ಥರು. ಒಂದು ಎಂದರೆ ಹಿಂದೂ. "ಪರಿಶಿಷ್ಟರು ಅಂದ ಮ್ಯಾಲ ಹಿಂದೂನ. ಸರಕಾರದ ಪಟ್ಟೀನ ಹಂಗೈತಿ. ಹತ್ತು ನಿಮಿಷದ ಕೆಲಸ."

"ಟೇಬಲ್ಲಿಗೆ ಕುಂತು ತಿದ್ದಬ್ಯಾಡ್ರಿ ಅಂದವ್ರು ನೀವ ಅಲ್ರಿ ಸರ್?"

ಅವರ ಮುಖ ಬಿಗಿಯಾಯಿತು. "ಹಂಗಾದ್ರ ಹೋಗಿ ಮತ್ತ ಕೇಳಿ ಬರ್ರಿ."

ಮರುದಿನವೇ ಹೋದೆ. ಎರಡನೇ ಸಲ ಕೇಳಲು ಬಂದವಳನ್ನು ಕಂಡು ಕೇರಿಗೆ ದಿಗಿಲಾಯಿತು. ಆಗೆಲ್ಲ ಬೌದ್ಧ ಎಂದು ಬರೆಸಿದರೆ ಪರಿಶಿಷ್ಟರ ಸವಲತ್ತು ಇರಲಿಲ್ಲ. ಹಾಗಾಗಿ ಶಾಲೆಯ ಕಾಗದದಲ್ಲಿ ಹಿಂದೂ, ಮನೆಯಲ್ಲಿ ಬೌದ್ಧ ಎಂದು ಬದುಕುತ್ತಿದ್ದ ಕಾಲ.

"ಇದರಿಂದ ನಮ್ಮ ಹುಡುಗರ ಹಾಸ್ಟೆಲ್ ಹೋಗತೈತೇನು?" ಎಂದು ಒಬ್ಬ ಹಿರಿಯ ಹೆಂಗಸು ಕೇಳಿದಳು.

"ಇಲ್ರಿ ಯವ್ವ. ಮಶಿನ್ನಿಗೆ ನಿಮ್ಮ ಹೆಸರು ಹೋಗಂಗಿಲ್ಲ, ಬರೇ ಅಂಕಿ."

"ಹಂಗಾದ್ರ ಹೆಸರಿಲ್ಲದ ಕಾಗದದಾಗರ ಖರೇ ಇರ್ಲಿ. ಹೋದ ಸಲ ಹೇಳಿದ್ದ ಬರಕೊ," ಎಂದಳು.

ಹನ್ನೊಂದು ಮನೆಯವರೂ ಅದನ್ನೇ ಹೇಳಿದರು. ತಿರುಗಿ ಬಂದು ಮುಖ್ಯಸ್ಥರಿಗೆ ಹೇಳಿದೆ. ಅವರು ದನಿ ತಗ್ಗಿಸಿದರು. "ನಿಮ್ಮ ಸರ್ಟಿಫಿಕೇಟಿನ್ಯಾಗ ಧರ್ಮ ಏನೈತಿ?"

ಹಿಂದೂ ಎಂದಿತ್ತು. ಶಾಲೆಗೆ ಹಾಕುವಾಗ ಮಾಸ್ತರರು ಬರೆದದ್ದು, ಅಪ್ಪ ಸುಮ್ಮನೆ ಹೆಬ್ಬೆಟ್ಟು ಒತ್ತಿದ್ದು. ಅದರ ಮೇಲೆಯೇ ನನಗೆ ಈ ಹುದ್ದೆ ಸಿಕ್ಕಿದ್ದು.

"ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ," ಎಂದರು. "ಮುಂದಿನ ವಾರ ನಿಮ್ಮ ಕೆಲಸ ಮುಂದುವರಸೋ ಫಾರ್ಮು ಬರತೈತಿ. ಸುಮ್ಮನ ಯಾಕ ಈ ಮಾತು ಎಬ್ಬಸ್ತೀರಿ?"

ನನಗೆ ಹೆದರಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. ಆಜ್ಞೆಗಳ ಕಾರ್ಡುಗಳಿದ್ದ ಡಬ್ಬಿಯನ್ನು ಎಳೆದುಕೊಂಡು ಒಂದೊಂದೇ ಓದುತ್ತ ಹೋದೆ. ಓದಲು ಅವರೇ ಕಲಿಸಿದ್ದರು. ಕೊನೆಗೆ ಸಿಕ್ಕಿತು. ಜಾತಿ ಪರಿಶಿಷ್ಟವಾಗಿದ್ದು ಧರ್ಮ ಒಂದು ಅಲ್ಲದಿದ್ದರೆ ತಪ್ಪೆಂದು ಬಗೆ, ಎನ್ನುವ ಒಂದೇ ಒಂದು ಕಾರ್ಡು. ಅದನ್ನು ಕಿತ್ತು ಅವರ ಮೇಜಿನ ಮೇಲಿಟ್ಟೆ.

"ತಪ್ಪು ಆ ಮನಿಗಳಾಗ ಇಲ್ರಿ ಸರ್. ಇಲ್ಲೈತಿ. ಇದನ್ನ ಬರಿಯೋ ಮುಂದ ಯಾರ ಮನೀಗೆ ಹೋಗಿ ಕೇಳಿದ್ರಿ?"

ಆ ಕಾರ್ಡನ್ನು ಹೊಡೆದವರು ಅವರೇ. ಅವರು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡು, "ಉಳದವನ್ನ ಹಾಕ್ರಿ, ನೋಡೂಣು," ಎಂದರು. ಈ ಸಲ ತಪ್ಪಿನ ಪಟ್ಟಿಯಲ್ಲಿ ಹನ್ನೊಂದು ಮನೆಗಳಿರಲಿಲ್ಲ. ಕೋಷ್ಟಕದಲ್ಲಿ ಬೌದ್ಧರ ಸಾಲಿನೆದುರು ಹನ್ನೊಂದು ಎಂದು ಬಂತು. ಅವರ ಬಗ್ಗೆ ನನಗಿದ್ದ ಗೌರವ ಪೂರ್ತಿ ಹೋಗದಿರಲು ಆ ಮಧ್ಯಾಹ್ನ ಕಾರಣ.

ಮುಂದಿನ ವಾರ ಫಾರ್ಮು ಬಂತು. "ಮೊದಲಿನಂಗ ತುಂಬ್ರಿ," ಎಂದು ಅವರು ಮೆಲ್ಲಗೆ ಹೇಳಿದರು. "ಮ್ಯಾಲಿನವ್ರ ಕಾರ್ಡು ಕೀಳಾಕ ನನ್ನ ಕೈಲೆ ಆಗಂಗಿಲ್ಲ."

ಕೇರಿಯ ಆ ಹೆಂಗಸಿಗೆ ಹೆಸರಿಲ್ಲದ ಕಾಗದ ಸಿಕ್ಕಿತ್ತು. ನನ್ನ ಕಾಗದದ ಮೊದಲ ಸಾಲಿನಲ್ಲೇ ನನ್ನ ಹೆಸರಿತ್ತು. ಅವಳ ಹುಡುಗರಿಗೆ ಹಾಸ್ಟೆಲ್ ಬೇಕು, ಅವಳು ಬಚ್ಚಿಟ್ಟದ್ದು ಸರಿಯೇ. ನನ್ನ ಓದು ಮುಗಿದಿತ್ತು, ಇನ್ನು ನಾನು ಬಚ್ಚಿಟ್ಟರೆ ಅದಕ್ಕೆ ನೆಪ ಇರಲಿಲ್ಲ. ಧರ್ಮ ಎಂದಿದ್ದ ಕಡೆ ಬೌದ್ಧ ಎಂದು ಬರೆದೆ.

ಹದಿನೈದು ದಿನಕ್ಕೆ ಕೆಲಸ ಹೋಯಿತು. ಟ್ರಂಕು ಹಿಡಿದು ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ಅವನು ತನ್ನ ಹೆಬ್ಬೆರಳನ್ನು ಉಜ್ಜುತ್ತ ಕೂತಿದ್ದ.

"ಅವತ್ತು ಮಾಸ್ತರ್ರ ಮುಂದ ನನಗ ಬಾಯಿ ಬರಲಿಲ್ಲವ್ವ," ಎಂದ. ಆಮೇಲೆ ಕೇಳಿದ: "ಸಣ್ಣ ಅಕ್ಷರದಾಗ ಬರದಿಯೋ, ದೊಡ್ಡದಾಗೋ?"

"ದೊಡ್ಡ ಅಕ್ಷರದಾಗ ಬರದೇನಪ್ಪ."

"ಚಲೋ ಆತು," ಎಂದ ಅಪ್ಪ.