ರಾಚಣ್ಣ ಜರ್ಮನ್ ಕಲಿತದ್ದು

ಪಾಲಿಶ್ ಮಾಡಿದ ಕಪ್ಪು ಕಲ್ಲಿನ ಮುಂದೆ ಐವತ್ತು ದಾಟಿದ ಗಂಡಸೊಬ್ಬರು ನಿಂತುಕೊಂಡು ತುಟಿ ಚೂಪು ಮಾಡಿ, ಹಲ್ಲು ಕಿರಿದು, ಮತ್ತೆ ತುಟಿ ಚೂಪು ಮಾಡುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ನಾನಂತೂ ರಾಚಣ್ಣನಿಗೆ ತಲೆ ಕೆಟ್ಟಿತು ಎಂದೇ ಅಂದುಕೊಂಡೆ. ಚಾಮರಾಜನಗರದ ಹೊರಗಿನ ಒಂದು ಸಣ್ಣ ಗ್ರಾನೈಟ್ ಯೂನಿಟ್ಟಿನಲ್ಲಿ ನಾನು ಆಫೀಸು ಕೆಲಸಕ್ಕಿದ್ದೆ, ಅವರು ಅಕ್ಷರ ಕೆತ್ತುವ ಕೆಲಸಕ್ಕಿದ್ದರು. ನಮ್ಮ ಕಡೆಯ ಕಪ್ಪು ಕಲ್ಲಿಗೆ ಸರಿಯಾಗಿ ಪಾಲಿಶ್ ಕೊಟ್ಟರೆ ಮುಖದ ಮೇಲಿನ ಮಚ್ಚೆಯೂ ಕಾಣುತ್ತದೆ. ಅದರಲ್ಲಿ ನೋಡಿಕೊಂಡು ತಲೆ ಬಾಚುವವರನ್ನು ದಿನವೂ ನೋಡುತ್ತಿದ್ದೆ. ಬಾಯಿ ನೋಡಿಕೊಳ್ಳುವವರನ್ನು ಅವತ್ತೇ ಮೊದಲು ನೋಡಿದ್ದು.

"ಏನ್ ರಾಚಣ್ಣ, ಹಲ್ಲುನೋವಾ?" ಎಂದು ಕೇಳಿದೆ.

"ನೋವೂ ಇಲ್ಲ, ಗೀವೂ ಇಲ್ಲ ಕಣಮ್ಮಿ. ತುಟೀಲಿ 'ಉ' ಅನ್ಬೇಕಂತೆ, ಒಳಗೆ ನಾಲ್ಗೇಲಿ 'ಈ' ಅನ್ಬೇಕಂತೆ. ತುಟಿ ಒಂದ್ ಕಡೀಕೆ ಓಯ್ತದೆ, ನಾಲ್ಗೆ ಒಂದ್ ಕಡೀಕೆ ಓಯ್ತದೆ. ಈ ಜರ್ಮನ್ ದೇಸದೋರು ಇಷ್ಟೆಲ್ಲಾ ಮಾಡ್ಕಂಡು ಊಟ ಯಾವಾಗ ಮಾಡಾರು?"

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರು ಮೂರು ಕಲ್ಲು ಬದಲಾಯಿಸಿದ್ದರು. ರಾಚಣ್ಣ ಒಂದು ಕಡೆ ನಿಂತವರಲ್ಲ, ಕೂತವರಂತೂ ಅಲ್ಲವೇ ಅಲ್ಲ. ಉಮ್ಮತ್ತೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತಿರುತ್ತಿದ್ದರಂತೆ. ಟೀ ಕುಡಿಯುವಾಗಲೂ ಯಾರ್ಡನ್ನು ಒಂದು ಸುತ್ತು ಹಾಕಿ, ಲೋಟ ಎಲ್ಲಿಟ್ಟೆ ಎಂದು ಮತ್ತೊಂದು ಸುತ್ತು ಹಾಕುತ್ತಿದ್ದರು. ಉಳಿ ಹಿಡಿದು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ ಮಾತ್ರ ಆ ಮೈ ತೆಪ್ಪಗಿರುತ್ತಿತ್ತು.

ಅವರಪ್ಪ ಸುತ್ತಮುತ್ತಲ ಊರುಗಳಿಗೆ ಸಮಾಧಿ ಕಲ್ಲು ಕೆತ್ತಿಕೊಡುತ್ತಿದ್ದವರು. ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಹೆಸರು ಕೆತ್ತಿ ಮುಗಿದ ಮೇಲೆ ಕಲ್ಲಿಗೆ ನೀರು ಚಿಮುಕಿಸಿ, ಎದುರು ನಿಂತು, ಆ ಹೆಸರನ್ನು ಒಂದು ಸಲ ಗಟ್ಟಿಯಾಗಿ ಕರೆಯಬೇಕು. ಓದುವುದಲ್ಲ, ಪ್ರಾರ್ಥನೆಯೂ ಅಲ್ಲ. ಜಗಲಿಯ ಮುಂದೆ ನಿಂತು ಒಳಗಿದ್ದವರನ್ನು ಕೂಗುತ್ತೇವಲ್ಲ, "ಮಾದೇವಮ್ಮಾ..." ಎಂದು, ಹಾಗೆ. ಇದು ನಿನ್ನ ಕಲ್ಲು, ಬಾ, ಎಂದು ತಿಳಿಸುವುದು. ಕರೆಯದೆ ಕಲ್ಲು ಎತ್ತುವ ಹಾಗಿಲ್ಲ. ಬೇರೆ ಕಲ್ಲುಕೆಲಸದವರ ಮನೆಗಳಲ್ಲಿ ಇಂಥದ್ದನ್ನು ನಾನು ಕೇಳಿಲ್ಲ. ರಾಚಣ್ಣ ಮಾತ್ರ ಅಪ್ಪನಿಂದ ಬಂದ ಉಳಿಗಳ ಜೊತೆ ಇದನ್ನೂ ಯೂನಿಟ್ಟಿಗೆ ತಂದಿದ್ದರು.

ಕನ್ನಡದ ಹೆಸರುಗಳು ಇರುವ ತನಕ ತೊಂದರೆ ಇರಲಿಲ್ಲ. ಒಂದು ವರ್ಷ ಜರ್ಮನಿಯ ವ್ಯಾಪಾರಿಯೊಬ್ಬರು ಅಕ್ಷರವನ್ನು ಕೈಯಲ್ಲೇ ಕೆತ್ತಿದ ಸಮಾಧಿ ಕಲ್ಲುಗಳು ಬೇಕೆಂದು ಆರ್ಡರ್ ಕೊಟ್ಟರು. ಮೊದಲನೆಯದು ಒಂದೇ ಕಲ್ಲು, ನಮೂನೆಗೆ. ಇಮೇಲಿನಲ್ಲಿ ಬಂದ ಹೆಸರನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿ ನಾನೇ ಕೊಟ್ಟೆ. ರಾಚಣ್ಣ ಎರಡು ದಿನ ಕೂತು ಕೆತ್ತಿದರು. ಲಾರಿ ಬಂದು ನಿಂತಾಗ ನನ್ನನ್ನು ಕೂಗಿದರು.

"ಇದನ್ನ ಯಂಗಮ್ಮಿ ಕರೆಯೋದು?"

ನನಗೆ ಅವಸರ. ಗುಂಡ್ಲುಪೇಟೆಯ ಬಸ್ಸಿನ ಹೊತ್ತಾಗಿತ್ತು. ಇಂಗ್ಲಿಷಿನಂತೆ ಓದಿ "ಜೋಅಚಿಮ್" ಎಂದೆ. ಅವರು ಕಲ್ಲಿಗೆ ನೀರು ಚಿಮುಕಿಸಿ, ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತುಂಬುದನಿಯಲ್ಲಿ "ಜೋಅಚಿಮಪ್ಪಾ..." ಎಂದು ಕರೆದರು. ಲಾರಿಯವರು ಮುಸಿಮುಸಿ ನಕ್ಕರು. ಕಲ್ಲು ಹೋಯಿತು.

ಎರಡು ವಾರದ ಮೇಲೆ ಕೆಲಸವಿಲ್ಲದ ಒಂದು ಮಧ್ಯಾಹ್ನ ಸುಮ್ಮನೆ ಆ ಹೆಸರನ್ನು ಫೋನಿನಲ್ಲಿ ಹಾಕಿ ಕೇಳಿದೆ. ಒಬ್ಬ ಹೆಂಗಸಿನ ದನಿ "ಯೋಆಖಿಮ್" ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ತಮಾಷೆ ಸಿಕ್ಕಿತೆಂದು ಓಡಿಹೋಗಿ ರಾಚಣ್ಣನಿಗೆ ಕೇಳಿಸಿದೆ. ಅವರು ಫೋನನ್ನು ಕಿವಿಗೆ ಹಿಡಿದು ನಾಲ್ಕೈದು ಸಲ ಕೇಳಿಸಿಕೊಂಡರು. ನಗಲಿಲ್ಲ.

"ಅಂಗಾದ್ರೆ ಅವತ್ತು ನಾನು ಕರ್ದಿದ್ದು ಯಾರ್ನ?" ಎಂದರು.

"ಹೋಗ್ಲಿ ಬಿಡಿ ರಾಚಣ್ಣ, ಸತ್ತವರಿಗೆ ಏನು ಗೊತ್ತಾಗುತ್ತೆ?"

"ಬ್ಯಾರೆ ಯಾರ್ನೋ ಕರ್ದು ಕಳ್ಸ್‌ಬುಟ್ಟೆ ಕಣಮ್ಮಿ. ಆ ಕಲ್ಲು ಈಗ ಎಲ್ಲದೆ?"

"ಹಡಗಿನಲ್ಲಿರುತ್ತೆ."

"ವಾಪಸ್ ತರ್ಸಕಾಗಕಿಲ್ವಾ?"

ಅವತ್ತು ಅವರು ಟೀ ಲೋಟ ಹಿಡಿದು ಯಾರ್ಡನ್ನು ಎಷ್ಟು ಸುತ್ತು ಹಾಕಿದರೋ. ನನಗೆ ಕೆಲಸ ಮಾಡಲಾಗಲಿಲ್ಲ. ತಪ್ಪು ನನ್ನದು, ನಕ್ಕವಳೂ ನಾನು. ಸಂಜೆ ಹೊರಡುವಾಗ ಅವರೇ ಬಂದು, "ಆ ಪೋನ್ನಲ್ಲಿ ಜರ್ಮನ್ ಕಲ್ಸಿಕೊಡ್ತಾರೇನು, ನೋಡು" ಎಂದರು.

ಅಲ್ಲಿಂದ ಶುರುವಾಯಿತು. ವಿಡಿಯೋ ಹುಡುಕಿಕೊಟ್ಟು ನಾನು ಮರೆತೇಬಿಟ್ಟೆ, ಅವರು ಅದನ್ನು ತಮ್ಮ ಫೋನಿನಲ್ಲಿ ನೋಡಿ, ಒಂದು ನೋಟ್ ಪುಸ್ತಕದಲ್ಲಿ ಕನ್ನಡ ಅಕ್ಷರದಲ್ಲೇ ಜರ್ಮನ್ ಬರೆದುಕೊಂಡರು. ನಮ್ಮ ಅಕ್ಷರಕ್ಕೆ ಸಿಗದ ಸದ್ದುಗಳಿಗೆ ಅವರೇ ಗುರುತು ಮಾಡಿಕೊಂಡರು. ಗಂಟಲಿಗೆ ಅಗುಳು ಸಿಕ್ಕಾಗ ಕೆರೆಯುವಂಥ ಸದ್ದಿಗೆ ಒಂದು ಪುಟ್ಟ ಉಳಿಯ ಚಿತ್ರ, ತುಟಿ ಚೂಪು ಮಾಡಬೇಕಾದ ಕಡೆ ಒಂದು ಸೊನ್ನೆ. ಕಲ್ಲಿನ ಮುಂದೆ ನಿಂತು ಬಾಯಿ ನೋಡಿಕೊಳ್ಳುತ್ತಿದ್ದರು. ಮಾಸ್ಕ್ ಹಾಕಿದರೆ ತುಟಿ ಕಾಣುವುದಿಲ್ಲವೆಂದು ಅದನ್ನು ಕುತ್ತಿಗೆಗೆ ಇಳಿಸಿಕೊಂಡಿರುತ್ತಿದ್ದರು. ಸುತ್ತಲೂ ಕಟಿಂಗ್ ಮಿಷಿನ್ನಿನ ಧೂಳು. ಮಾಸ್ಕ್ ಹಾಕಿಕೊಳ್ಳಿ ಎಂದು ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಹೆಸರು ಕರೆಯಲಿಕ್ಕೆ ಹೆಸರಷ್ಟೇ ಕಲಿತರೆ ಸಾಕಲ್ವಾ? ಭಾಷೆಯೆಲ್ಲ ಯಾಕೆ?" ಎಂದು ಒಮ್ಮೆ ಕೇಳಿದೆ.

"ಕರುದ್ಮೇಲೆ ಅವ್ರು 'ಏನು' ಅಂದ್ರೆ? ಒಂದ್ ಮಾತು ಯೋಳ್ಬೇಕಾ ಬ್ಯಾಡ್ವಾ?"

ಎಲ್ಲ ಸದ್ದನ್ನೂ ಹೇಗೋ ಪಳಗಿಸಿದರು. ಬಗ್ಗದೆ ಉಳಿದದ್ದು 'ಹ' ಒಂದೇ. ನಮ್ಮ ಸೀಮೆಯ ಬಾಯಿಗೆ ಅದು ಹುಟ್ಟಿನಿಂದಲೇ ಇಲ್ಲ. ಹಾಲು ನಮಗೆ ಆಲು, ಹೋಗು ನಮಗೆ ಓಗು. ನಾನು ನಾಲ್ಕಕ್ಷರ ಕಲಿತು ಅದನ್ನು ಅಂಟಿಸಿಕೊಂಡವಳು, ಸಿಟ್ಟು ಬಂದರೆ ನನಗೂ ಉದುರಿಹೋಗುತ್ತದೆ. ಅಷ್ಟರಲ್ಲಿ ಆರ್ಡರಿನಲ್ಲಿ 'ಹೆರ್ಟಾ' ಎಂಬ ಹೆಸರು ಬಂತು. ರಾಚಣ್ಣ ವಾರವೆಲ್ಲ "ಎರ್ಟಾ, ಎರ್ಟಾ" ಎಂದು ಒದ್ದಾಡಿದರು. ಫೋನು "ಹೆರ್ಟಾ" ಅನ್ನುವುದು, ಇವರು "ಅದ್ನೇ ತಾನೆ ನಾನೂ ಅಂದಿದ್ದು, ಎರ್ಟಾ" ಎಂದು ಅದರ ಮೇಲೆ ಜಗಳಕ್ಕೆ ಹೋಗುವುದು.

ಗುಂಡ್ಲುಪೇಟೆಯಲ್ಲಿ ನಮ್ಮ ಬೀದಿಯಲ್ಲೇ ಲಿಸಿ ಎಂಬ ಮಲಯಾಳಿ ನರ್ಸ್ ಇದ್ದಳು. ಜರ್ಮನಿಯ ಆಸ್ಪತ್ರೆಗೆ ಹೋಗಲು ಪರೀಕ್ಷೆಗೆ ಓದುತ್ತಿದ್ದಳು. ಒಂದು ಭಾನುವಾರ ರಾಚಣ್ಣ ಚಾಮರಾಜನಗರಕ್ಕೆ ಬಂದರು, ಕೆಲಸದ ಮೇಲೆ ಬಂದಿದ್ದ ನಾನು ಅವರನ್ನು ಅಲ್ಲಿಂದ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವರು ಕಂಬ ಹಿಡಿದು ನಿಂತೇ ಇದ್ದರು. ತೆರಕಣಾಂಬಿ ದಾಟಿದ ಮೇಲೆ ನನ್ನ ಕಡೆ ಬಗ್ಗಿ, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು.

"ನಂಗೆ ಮೊದ್ಲು ಒಂದ್ ಎಣ್ಮಗ ಆಗಿತ್ತು. ಒಂಬತ್ತ್ ದಿನ ಇತ್ತು, ಓಯ್ತು. ಎಸ್ರು ಇಟ್ಟಿರ್ಲಿಲ್ಲ. ಒಂದ್ ಚಿಕ್ಕ ಕಲ್ಲು ಮಾಡ್ದೆ. ಏನಂತ ಬರೀಲಿ? ನೀರು ಚಿಮುಕ್ಸಿ ನಿಂತ್ಕಂಡೆ, ಬಾಯಿ ತಗುದ್ನಿ, ಏನೂ ಬರ್ಲಿಲ್ಲ ಕಣಮ್ಮಿ. ಏನಂತ ಕರೀಲಿ ಯೋಳು?" ಕಂಬ ಹಿಡಿದ ಕೈ ಬದಲಾಯಿಸಿದರು. "ಅದ್ಕೆ ಎಸ್ರೇ ಇರ್ಲಿಲ್ಲ, ಸರಿ. ಎಸ್ರು ಇಟ್ಕಂಡು ಅಷ್ಟು ವರ್ಸ ಬಾಳ್ದೋರ್ನ ತಪ್ಪಾಗಿ ಕರ್ದು ಕಳ್ಸಿದ್ರೆ, ಅದು ಪಾಪ ಅಲ್ವಾ?"

ಅಲ್ಲಿಯತನಕ ನನಗೆ ಇದೆಲ್ಲ ಹಳೇ ಕಾಲದ ಮನುಷ್ಯರೊಬ್ಬರ ಹುಚ್ಚು ಅಷ್ಟೇ ಆಗಿತ್ತು.

ಲಿಸಿ ಜಾಣೆ. ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ, "ಅಂಕಲ್, ಇದು ಅಕ್ಷರಾ ಅಲ್ಲ, ಶ್ವಾಸ. ಕೈ ಮುಂದೆ ಹಿಡೀರಿ, ಗಾಳಿ ತಾಗಬೇಕು" ಎಂದಳು. ರಾಚಣ್ಣ ಮಾರನೆಯ ದಿನದಿಂದ ಅದಕ್ಕೆ ತಮ್ಮದೇ ದಾರಿ ಕಂಡುಕೊಂಡರು. ಅಂಗೈ ಮೇಲೆ ಒಂದು ಚಿಟಿಕೆ ಕಲ್ಲಿನ ಹುಡಿ ಇಟ್ಟುಕೊಂಡು ಬಾಯಿಯ ಹತ್ತಿರ ತಂದು "ಹೆರ್ಟಾ" ಅನ್ನುವುದು. ಹುಡಿ ಹಾರಿದರೆ 'ಹ' ಬಂತೆಂದು ಲೆಕ್ಕ, ಹಾರದಿದ್ದರೆ ಇಲ್ಲ. ಹತ್ತು ದಿನಕ್ಕೆ ಹುಡಿ ಹಾರಿತು. ಹಾರಿದ್ದೇ ತಡ, ಅದು ಬೇಡದ ಕಡೆಯೆಲ್ಲ ಬಂದು ಕೂತಿತು. "ಹೆಲೆ ಹಡಿಕೆ ಹದೇನಮ್ಮಿ?" ಎಂದು ಕೇಳತೊಡಗಿದರು. ಮನೆಯಲ್ಲಿ ಹೆಂಡತಿ ಪುಟ್ಟಮ್ಮನವರಿಗೆ "ಹನ್ನ ಹಾಕು" ಎಂದರಂತೆ. ಅವರು ನಾಲ್ಕು ದಿನ ನಕ್ಕರಂತೆ.

ಹೆರ್ಟಾಳ ಕಲ್ಲು ಹೊರಡುವ ದಿನ ಓನರ್ ಗಡಿಯಾರ ನೋಡುತ್ತ ನಿಂತಿದ್ದರು. ರಾಚಣ್ಣ ನೀರು ಚಿಮುಕಿಸಿ ಕರೆದರು. ನಾನು ಫೋನಿನ ದನಿಯನ್ನೂ ಕೇಳಿದ್ದೆ, ಲಿಸಿಯ ದನಿಯನ್ನೂ ಕೇಳಿದ್ದೆ. ಅವೆರಡೂ ಹೆಸರನ್ನು ಹೇಳುತ್ತಿದ್ದವು, ಇವರು ಒಬ್ಬ ಹೆಂಗಸನ್ನು ಕರೆದರು. ಕಲ್ಲು ತುಂಬುವ ಮರದ ಪೆಟ್ಟಿಗೆಗೆ ಮೊಳೆ ಹೊಡೆಯುವವರು ಸುತ್ತಿಗೆ ಕೆಳಗಿಟ್ಟು ನಿಂತರು. ಕರೆದಾದ ಮೇಲೆ ರಾಚಣ್ಣ ಪಕ್ಕಕ್ಕೆ ತಿರುಗಿ ಸಣ್ಣ ದನಿಯಲ್ಲಿ "ಯೋಆಖಿಮ್" ಎಂದೂ ಕರೆದರು. ಆಮೇಲೆ ಪ್ರತಿ ಕಲ್ಲಿಗೂ ಹೀಗೆಯೇ ಮಾಡುತ್ತಿದ್ದರು. ಅದು ಹಳೆಯ ತಪ್ಪಿಗೆ ಅವರು ಕಟ್ಟುತ್ತಿದ್ದ ಕಂತು.

ಕೆಮ್ಮು ಯಾವಾಗ ಶುರುವಾಯಿತೋ ನಿಖರವಾಗಿ ಹೇಳಲಾರೆ. ಮೊದಲು ಉಚ್ಚಾರಣೆಯ ಕೆಮ್ಮು ಯಾವುದು, ನಿಜವಾದ ಕೆಮ್ಮು ಯಾವುದು ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಮೈಸೂರಿನ ಡಾಕ್ಟರು ಎದೆಯ ಫೋಟೋ ನೋಡಿ, ಮೂವತ್ತು ವರ್ಷದ ಕಲ್ಲಿನ ಧೂಳು ಒಳಗೆ ಕೂತಿದೆ, ಇನ್ನು ಯಾರ್ಡಿಗೆ ಕಾಲಿಡಬೇಡಿ ಎಂದರು. ಓನರ್ ಅಕ್ಷರ ಕೆತ್ತುವ ಮಿಷಿನ್ ತರಿಸಿದರು. ಕೈಕೆತ್ತನೆ ಬೇಕೆಂದಿದ್ದ ವ್ಯಾಪಾರಿಯೂ ದರ ಕಡಿಮೆಯಾದದ್ದಕ್ಕೆ ತೆಪ್ಪಗಾದರು.

ರಾಚಣ್ಣ ಮನೆಯಲ್ಲಿ ಕೂರಬೇಕಾಯಿತು. ಕೂರಲು ಬಾರದ ಮನುಷ್ಯ. ಮೂರನೆಯ ದಿನಕ್ಕೇ ಫೋನ್ ಮಾಡಿ, "ಎಸ್ರು ಬಂದಿದ್ರೆ ಪೋಟ ಕಳ್ಸು" ಎಂದರು. ಕಳಿಸಿದೆ. ವಾಯ್ಸ್ ಮೆಸೇಜಿನಲ್ಲಿ ಕರೆದು ಕಳಿಸಿದರು. ನಾನು ಯಾರ್ಡಿಗೆ ಹೋಗಿ, ಕಲ್ಲಿಗೆ ನೀರು ಚಿಮುಕಿಸಿ, ಫೋನಿನ ವಾಲ್ಯೂಮ್ ಜಾಸ್ತಿ ಮಾಡಿ ಹಿಡಿದೆ. ಒಂದು ವರ್ಷ ಹೀಗೇ ನಡೆಯಿತು. ಮೊಳೆ ಹೊಡೆಯುವವರು "ಅಣ್ಣಂದು ಬಂತಾ ಮೇಡಂ?" ಎಂದು ಕೇಳಿ, ಬಂದ ಮೇಲೆಯೇ ಪೆಟ್ಟಿಗೆ ಮುಚ್ಚುತ್ತಿದ್ದರು.

ಹೋದ ಚಳಿಗಾಲದಲ್ಲಿ ಬಂದ ಹೆಸರು 'ಹಾನೆಲೋರೆ'. ಬೆಳಿಗ್ಗೆ ಫೋಟೋ ಕಳಿಸಿದರೆ ಮಧ್ಯಾಹ್ನ ಮೆಸೇಜ್ ಬಂತು. ಉದ್ದವಾಗಿತ್ತು. ಅದರಲ್ಲಿ ಹೆಸರೇ ಇರಲಿಲ್ಲ. 'ಹಾ' ಎಂದು ಶುರುವಾಗುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಮತ್ತೆ 'ಹಾ'. ನಡುವೆ ಪುಟ್ಟಮ್ಮನವರ ದನಿ, "ಸಾಕು ಬುಡಿ, ನಿಮ್ಮ ದಮ್ಮಯ್ಯ." ನಾನು ಅದನ್ನು ಕಲ್ಲಿನ ಮುಂದೆ ಹಾಕಲಿಲ್ಲ. ಓನರ್ ಹತ್ತಿರ ಹೋಗಿ, ನಾಳೆ ಬೆಳಿಗ್ಗೆ ತನಕ ಪೆಟ್ಟಿಗೆ ಮುಚ್ಚಬೇಡಿ ಎಂದು ಬೇಡಿಕೊಂಡು ಉಮ್ಮತ್ತೂರಿನ ಬಸ್ಸು ಹತ್ತಿದೆ.

ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಓಡಾಡುತ್ತಲೇ ಇದ್ದವು. ನನ್ನನ್ನು ನೋಡಿ ನಗಲು ಹೋದರು.

"ನೋಡಮ್ಮಿ... ಆ ಮಾತ್ನಲ್ಲಿ ನಂಗೆ ಬರ್ದೆ ಇದ್ದುದ್ದು ಆ ಉಸ್ರು ಒಂದೇಯ. ಈಗ ಅದೊಂದೇ ಬತ್ತದೆ... ಮಿಕ್ಕಿದ್ದು ಬತ್ತಿಲ್ಲ."

ಪುಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ನಾನು ಅಳಬಾರದೆಂದು ತೀರ್ಮಾನಿಸಿ ಬಂದಿದ್ದೆ.

"ನೀನು ಕರಿ," ಎಂದರು.

ಕರೆದೆ. ತಲೆ ಅಲ್ಲಾಡಿಸಿದರು. ಮತ್ತೆ ಕರೆದೆ.

"ಇಸ್ಕೂಲಲ್ಲಿ ಆಜ್ರಿ ಕೂಗ್ದಂಗೆ ಕೂಗ್ಬ್ಯಾಡ. ಅವಳ ಮನೆ ಮುಂದ್ಗಡೆ ನಿಂತಿದ್ದೀಯ. ಎದ್ದ್ ನಿಂತ್ಕ."

ಎದ್ದು ನಿಂತೆ. ಹಾನೆಲೋರೆ ಎಂದರೆ ಯಾರು, ಎಷ್ಟು ವಯಸ್ಸಿನವಳು, ಯಾರ ತಾಯಿ, ಏನೂ ಗೊತ್ತಿಲ್ಲ. ಉಮ್ಮತ್ತೂರಿನ ಆ ಚಿಕ್ಕ ಮನೆಯಲ್ಲಿ ನಿಂತು ಅವಳನ್ನು ಎಷ್ಟು ಸಲ ಕರೆದೆನೋ. ಪಕ್ಕದ ಮನೆಯವರು ಇಣುಕಿ ನೋಡಿದರು. ರಾಚಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು, ಪ್ರತಿ ಸಲವೂ ಬೆರಳಲ್ಲೇ ಇನ್ನೊಮ್ಮೆ ಎನ್ನುತ್ತಿದ್ದರು. ಕೊನೆಯ ಸಲ ಕರೆಯುವಾಗ ನನಗೆ ಅಳು ಬಂದೇಬಿಟ್ಟಿತು. ಅಳುತ್ತಲೇ ಕರೆದೆ. ಆಗ ಬೆರಳು ನಿಂತಿತು.

"ಸರಿಯಾಯ್ತಾ ರಾಚಣ್ಣ?"

ಕಣ್ಣು ತೆರೆದರು. ಯೋಚಿಸುವವರಂತೆ ನನ್ನನ್ನು ನೋಡಿದರು. ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಹಾರನ್ ಕೇಳಿಸಿತು.

"ಬಸ್ಸು ಬಂತು, ಓಗು," ಎಂದರು.

ಮಾರನೆಯ ಬೆಳಿಗ್ಗೆ ಕಲ್ಲಿನ ಮುಂದೆ ನಿಂತು ನಾನೇ ಕರೆದೆ. ಮೊಳೆ ಹೊಡೆದರು, ಲಾರಿ ಹೋಯಿತು. ಕರೆದದ್ದನ್ನು ರೆಕಾರ್ಡ್ ಮಾಡಿ ರಾಚಣ್ಣನಿಗೆ ಕಳಿಸಿ, ಅವರು ಕೇಳಿದ್ದಕ್ಕೆ ನೀಲಿ ಗುರುತು ಬರುತ್ತದೇನೋ ಎಂದು ಮತ್ತೆ ಮತ್ತೆ ಫೋನ್ ತೆಗೆದು ನೋಡಿದೆ. ಹತ್ತೂವರೆಗೆ ಪುಟ್ಟಮ್ಮನವರ ಫೋನ್ ಬಂತು. ಬೆಳಕು ಹರಿಯುವ ಮುಂಚೆಯೇ ಹೋಗಿದ್ದರಂತೆ.

ಆ ಮೆಸೇಜನ್ನು ಯಾರೂ ಕೇಳಿಲ್ಲ. ಬಸ್ಸಿನಲ್ಲಿ ಕೂತಿರುವಾಗ, ಒಲೆಯ ಮುಂದೆ ನಿಂತಿರುವಾಗ, ನನಗೇ ಗೊತ್ತಿಲ್ಲದೆ ಹಾನೆಲೋರೆಯ ಹೆಸರು ಬಾಯಿಗೆ ಬರುತ್ತದೆ. ನಾನು ಅವಳನ್ನೇ ಕರೆದೆನೋ, ಬೇರೆ ಯಾರನ್ನೋ ಕರೆದು ಕಳಿಸಿಬಿಟ್ಟೆನೋ. ಹೇಳುವವರು ಇಲ್ಲ.